ಬಾಳಿಗೊಂದು ಕಾಣ್ಕೆ: ವಡಾಲದ ಉಪ್ಪು ಕಲಿಸುವ ಪಾಠ

ಪೀಠಿಕೆ

ಮುಂಬಯಿಯ ಹಾರ್ಬರ್ ರೈಲು ಮಾರ್ಗದಲ್ಲಿ ಸಂಚರಿಸುವವರಿಗೆ ವಡಾಲ ರೋಡ್ ನಿಲ್ದಾಣವು ಚಿರಪರಿಚಿತವಾದುದು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಒಂದೇ ದಾರಿಯಾಗಿ ಬರುವ ಈ ಮಾರ್ಗವು ವಡಾಲವನ್ನು ದಾಟಿದೊಡನೆ ಎರಡು ಕವಲಾಗಿ ಒಡೆಯುತ್ತದೆ. ಒಂದು ಕವಲು ಕಿಂಗ್ಸ್ ಸರ್ಕಲ್, ಮಾಹಿಮ್, ಬಾಂದ್ರಾಗಳನ್ನು ಹಾದು ಗೋರೆಗಾಂವ್ ಕಡೆಗೆ ಸಾಗುತ್ತದೆ. ಇನ್ನೊಂದು ಕುರ್ಲಾ, ವಾಶಿಗಳನ್ನು ಹಾದು ಪನ್ವೇಲ್ ಕಡೆಗೆ ಸಾಗುತ್ತದೆ. ಎರಡೂ ಗಾಡಿಗಳ ಬಣ್ಣ ಒಂದೇ, ನೂಕುನುಗ್ಗಲೂ ಒಂದೇ. ಫಲಕವನ್ನು ಓದದೆ, ಜನರ ನೂಕಾಟಕ್ಕೆ ಮೈಯೊಪ್ಪಿಸಿ ಗಾಡಿಯೇರಿದವನು ಎಲ್ಲಿಗೋ ಹೊರಟು ಎಲ್ಲಿಗೋ ತಲಪುತ್ತಾನೆ.

ಬದುಕಿನಲ್ಲಿಯೂ ಇಂತಹ ಕವಲುಗಳು ಎದುರಾಗುತ್ತವೆ. ಓದು ಮುಗಿದಾಗ, ಉದ್ಯೋಗ ಹಿಡಿಯುವಾಗ, ಊರು ಬಿಡುವಾಗ, ವಿವಾಹದ ಸಂದರ್ಭದಲ್ಲಿ, ಮಕ್ಕಳು ದೊಡ್ಡವರಾಗಿ ಮನೆ ಬರಿದಾದಾಗ, ನಿವೃತ್ತಿಯ ದಿನದಂದು, ಮುಂದಿನ ದಾರಿ ಯಾವುದೆಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಗ ಬಹುಮಂದಿ ಸುತ್ತಲಿನವರು ಹಿಡಿದ ದಾರಿಯನ್ನೇ ಹಿಡಿಯುತ್ತಾರೆ. ಹಲವು ವರ್ಷಗಳ ತರುವಾಯ, ತಾನು ಬಯಸಿದ್ದು ಇದನ್ನೇ ಎಂಬ ಸಂದೇಹವು ಕಾಡತೊಡಗುತ್ತದೆ. ಈ ಸಂದೇಹಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ.

ಪ್ರತಿಯೊಬ್ಬರೂ ತಮ್ಮ ಬಾಳಿಗೆ ದಾರಿ ತೋರುವ ಸ್ವಂತ ಕಾಣ್ಕೆಯೊಂದನ್ನು ಕಂಡುಕೊಳ್ಳುವುದು ಹೇಗೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ಇದಕ್ಕಾಗಿ ವಡಾಲದ ಇತಿಹಾಸದ ಒಂದು ಘಟನೆಯನ್ನೂ, ಮಂಗಳೂರಿನಲ್ಲಿ ಹುಟ್ಟಿದ ಮಹಿಳೆಯೊಬ್ಬರ ಜೀವನವನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಗುರಿ ಮತ್ತು ಕಾಣ್ಕೆ

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬುದು ನಮ್ಮ ಹಿರಿಯರ ಮಾತು. ಗುರಿ ಎಂದರೆ ಮುಟ್ಟಬೇಕಾದ ಒಂದು ನಿಶ್ಚಿತ ಸ್ಥಾನ. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು, ಸ್ವಂತ ಮನೆ ಕಟ್ಟಿಸುವುದು, ಸಾಲ ತೀರಿಸುವುದು, ಇವೆಲ್ಲವೂ ಗುರಿಗಳು. ಗುರಿಯು ಈಡೇರಿದೊಡನೆ ಅದರ ಕೆಲಸ ಮುಗಿಯುತ್ತದೆ. ಕಾಣ್ಕೆಯು ಹಾಗಲ್ಲ. ನಾನು ಯಾವ ಬಗೆಯ ಮನುಷ್ಯನಾಗಿ ಬಾಳಬೇಕು, ಯಾರಿಗೆ ಯಾವ ರೀತಿಯಲ್ಲಿ ಉಪಯೋಗವಾಗಬೇಕು ಎಂಬುದರ ಬಗೆಗೆ ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿದ ಚಿತ್ರವೇ ಕಾಣ್ಕೆ. ರೈಲಿನ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಗುರಿಗಳು ನಡುವೆ ಬರುವ ನಿಲ್ದಾಣಗಳು. ಕಾಣ್ಕೆಯು ಮಾರ್ಗದ ದಿಕ್ಕು. ಒಂದು ನಿಲ್ದಾಣದಲ್ಲಿ ಇಳಿಯಲಾಗದೆ ಹೋದರೂ ದಿಕ್ಕು ಗೊತ್ತಿರುವವನು ದಾರಿ ತಪ್ಪುವುದಿಲ್ಲ.

ಆದರೆ ದಿಕ್ಕು ಗೊತ್ತಿದ್ದರಷ್ಟೇ ಸಾಲದು. ದೂರದ ಕಾಣ್ಕೆಯು ಇಂದಿನ ದಿನ ಕೈಗೆ ನಿಲುಕುವ ಕೆಲಸವೊಂದರ ರೂಪವನ್ನು ತಾಳದಿದ್ದಲ್ಲಿ ಅದು ಬರಿಯ ಕನಸಾಗಿಯೇ ಉಳಿಯುತ್ತದೆ. ಈ ಅಂಶವನ್ನು ವಡಾಲದ ಉಪ್ಪಿನ ಆಗರಗಳಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ವಿರಳ.

ವಡಾಲದಲ್ಲಿ ನಡೆದುದೇನು?

ಇಂದು ಎತ್ತರದ ಕಟ್ಟಡಗಳಿಂದಲೂ ಟ್ರಕ್ ಟರ್ಮಿನಲ್‌ನಿಂದಲೂ ಗುರುತಿಸಲ್ಪಡುವ ವಡಾಲದಲ್ಲಿ ಹಿಂದೆ ವಿಸ್ತಾರವಾದ ಉಪ್ಪಿನ ಆಗರಗಳಿದ್ದವು. 1882ರ ಉಪ್ಪಿನ ಕಾಯಿದೆಯ ಮೂಲಕ ಬ್ರಿಟಿಷ್ ಸರ್ಕಾರವು ಉಪ್ಪಿನ ತಯಾರಿಕೆ ಮತ್ತು ಮಾರಾಟಗಳ ಮೇಲೆ ತನ್ನ ಹಿಡಿತವನ್ನು ಬಿಗಿಗೊಳಿಸಿತ್ತು. ಕಡಲ ದಡದಲ್ಲಿಯೇ ವಾಸಿಸುವ ಬಡವನು ಸಹ ಕಡಲ ನೀರಿನಿಂದ ಉಪ್ಪು ಮಾಡಿಕೊಂಡರೆ ಅದು ಅಪರಾಧವಾಗುತ್ತಿತ್ತು.

1930ರ ಮಾರ್ಚ್ 12ರಂದು ಮಹಾತ್ಮ ಗಾಂಧಿಯವರು ಸಾಬರಮತಿ ಆಶ್ರಮದಿಂದ ಹೊರಟು, ಸುಮಾರು 385 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ, ಏಪ್ರಿಲ್ 6ರಂದು ದಾಂಡಿಯ ತೀರದಲ್ಲಿ ಒಂದು ಹಿಡಿ ಉಪ್ಪನ್ನು ಎತ್ತಿಕೊಂಡುದು ಸರ್ವವಿದಿತವಾದ ಸಂಗತಿ. ಕನ್ನಡ ನಾಡಿನಲ್ಲಿ ಅದೇ ತಿಂಗಳ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಮುಂಬಯಿಯಲ್ಲಿ ಚಳವಳಿಯು ಮೇ ತಿಂಗಳಿನಲ್ಲಿ ವಡಾಲದ ಆಗರಗಳತ್ತ ತಿರುಗಿತು. ಪೊಲೀಸರ ಕಾವಲಿದ್ದರೂ ಸತ್ಯಾಗ್ರಹಿಗಳು ಮತ್ತೆ ಮತ್ತೆ ಅಲ್ಲಿಗೆ ನುಗ್ಗಿದರು. ಜೂನ್ 1ರಂದು ಸುಮಾರು 15,000 ಜನರು ಅಲ್ಲಿ ನೆರೆದರು. ಹೆಂಗಸರೂ ಮಕ್ಕಳೂ ಅವರಲ್ಲಿದ್ದರು. ಕಾವಲನ್ನು ಭೇದಿಸಿ, ಕೆಸರಿನಲ್ಲಿ ಓಡಿ, ಉಪ್ಪನ್ನು ಬಾಚಿಕೊಂಡು ಹೋದರು.

ಅಂದು ಅವರು ಕೊಂಡೊಯ್ದ ಉಪ್ಪಿನ ಬೆಲೆ ಅಲ್ಪವಾದುದು. ಆದರೆ ಸ್ವರಾಜ್ಯವೆಂಬ ವಿಶಾಲವಾದ ಕಾಣ್ಕೆಯು ಅಡುಗೆಮನೆಯ ಒಂದು ವಸ್ತುವಿನಲ್ಲಿ ರೂಪ ತಳೆದುದರಿಂದ, ಅಕ್ಷರ ಬಾರದ ಗೃಹಿಣಿಯೂ ಅದರಲ್ಲಿ ಪಾಲುಗೊಳ್ಳಲು ಸಾಧ್ಯವಾಯಿತು. ಸ್ವರಾಜ್ಯಕ್ಕಾಗಿ ನಾನೇನು ಮಾಡಬಲ್ಲೆ ಎಂಬ ಪ್ರಶ್ನೆಗೆ ಅಂದಿನ ಉತ್ತರವು ಒಂದು ಹಿಡಿ ಉಪ್ಪಾಗಿತ್ತು. ಸ್ವಾತಂತ್ರ್ಯವು ದೊರೆತುದು ಹದಿನೇಳು ವರ್ಷಗಳ ತರುವಾಯ.

ಕಮಲಾದೇವಿಯವರ ದಾರಿ

ಆ ಚಳವಳಿಯ ಮೊದಲ ದಿನಗಳಲ್ಲಿ, ವಡಾಲದ ದಾಳಿಗೆ ಕೆಲವೇ ವಾರಗಳ ಮೊದಲು, ಮುಂಬಯಿಯ ಕಡಲತೀರದಲ್ಲಿ ಉಪ್ಪು ಕಾಯಿಸಿ, ಅದರ ಪೊಟ್ಟಣಗಳನ್ನು ಬೀದಿಗಳಲ್ಲಿಯೂ ಷೇರು ಪೇಟೆಯಲ್ಲಿಯೂ ಮಾರಿದವರಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರು. ಉಪ್ಪಿನ ಸತ್ಯಾಗ್ರಹದ ಆರಂಭದಲ್ಲಿ ಮಹಿಳೆಯರು ಮದ್ಯದಂಗಡಿ ಹಾಗೂ ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಬೇಕೆಂಬುದು ಗಾಂಧೀಜಿಯವರ ಅಭಿಪ್ರಾಯವಾಗಿತ್ತು. ಮಹಿಳೆಯರಿಗೂ ಉಪ್ಪಿನ ಕಾಯಿದೆಯನ್ನು ಮುರಿಯುವ ಅವಕಾಶವಿರಬೇಕೆಂದು ಅವರನ್ನು ಕಂಡು ವಾದಿಸಿ ಒಪ್ಪಿಸಿದವರಲ್ಲಿ ಕಮಲಾದೇವಿಯವರೂ ಒಬ್ಬರು. ಇದಕ್ಕಾಗಿ ಅವರು ಸೆರೆಮನೆವಾಸವನ್ನೂ ಅನುಭವಿಸಿದರು.

ಇಂತಹ ದೃಢನಿಲುವು ಒಂದು ದಿನದಲ್ಲಿ ಮೂಡಿದುದಲ್ಲ. 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಂದೆಯವರು ಉಯಿಲು ಬರೆದಿರಲಿಲ್ಲವಾದ್ದರಿಂದ, ಅಂದಿನ ಕಾನೂನಿನಂತೆ ಆಸ್ತಿಯು ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರಿಗೂ ಮಗಳಿಗೂ ಹಕ್ಕು ಉಳಿಯಲಿಲ್ಲ. ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವೈಧವ್ಯವೂ ಒದಗಿತು. ಹೆಣ್ಣು ತನ್ನ ಕಾಲಮೇಲೆ ತಾನು ನಿಲ್ಲಲಾರದ ವ್ಯವಸ್ಥೆಯು ಎಷ್ಟು ಕ್ರೂರವಾದುದೆಂಬುದನ್ನು ಅವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ.

ಅವರ ಮುಂದಿನ ಜೀವನವನ್ನು ಮೇಲುನೋಟಕ್ಕೆ ನೋಡಿದರೆ, ಸಂಬಂಧವಿಲ್ಲದ ಹಲವು ಕಾರ್ಯಗಳ ಸರಮಾಲೆಯಂತೆ ತೋರುತ್ತದೆ. ವಿಧವೆಯಾದ ಅವರು ಸಂಪ್ರದಾಯಸ್ಥರ ವಿರೋಧದ ನಡುವೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ಸ್ಪರ್ಧಿಸಿ, ಅಲ್ಪ ಅಂತರದಿಂದ ಸೋತರು. 1927ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಕಾರ್ಯದರ್ಶಿಯಾಗಿ ದುಡಿದರು. ದೇಶ ವಿಭಜನೆಯ ನಂತರ, 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆಯನ್ನು ಕಟ್ಟಿ, ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರು ಸಹಕಾರ ತತ್ವದ ಮೂಲಕ ಸ್ವಾವಲಂಬಿಗಳಾಗಲು ನೆರವಾದರು. ದೆಹಲಿಯ ಸಮೀಪದ ಫರೀದಾಬಾದಿನಲ್ಲಿ ನಿರಾಶ್ರಿತರ ನೆಲೆಯೂರಿಕೆಗೆ ಶ್ರಮಿಸಿದರು. 1952ರಲ್ಲಿ ರಚಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಹಳ್ಳಿಹಳ್ಳಿಗಳ ನೇಕಾರರು, ಕುಂಬಾರರು, ಬುಟ್ಟಿ ಹೆಣೆಯುವವರು, ಬಣ್ಣ ಹಾಕುವವರು ಇವರನ್ನು ಅರಸಿಕೊಂಡು ದೇಶವನ್ನೆಲ್ಲ ಸುತ್ತಿದರು.

ಉಪ್ಪು, ಚುನಾವಣೆ, ನಿರಾಶ್ರಿತರು, ಮಡಕೆ, ಮಗ್ಗ ಇವುಗಳನ್ನು ಪೋಣಿಸಿದ ದಾರ ಯಾವುದು? ತನ್ನ ಕೈಯ ದುಡಿಮೆಯಿಂದ ಮನುಷ್ಯನು, ಅದರಲ್ಲಿಯೂ ಹೆಣ್ಣು, ಯಾರ ಹಂಗಿಗೂ ಒಳಗಾಗದೆ ಗೌರವದಿಂದ ಬಾಳಬೇಕೆಂಬ ಒಂದೇ ಕಾಣ್ಕೆಯು ಈ ಎಲ್ಲ ಕಾರ್ಯಗಳಲ್ಲಿಯೂ ಎದ್ದು ಕಾಣುತ್ತದೆ. ತನ್ನ ಉಪ್ಪನ್ನು ತಾನೇ ಮಾಡಿಕೊಳ್ಳುವ ಹಕ್ಕಿಗಾಗಿ 1930ರಲ್ಲಿ ಹೋರಾಡಿದವರು, ತನ್ನ ಕಸುಬಿನಿಂದ ತಾನೇ ಉಣ್ಣುವ ಹಕ್ಕು ಕುಂಬಾರನಿಗೆ ಉಳಿಯಲೆಂದು 1952ರಲ್ಲಿ ಊರೂರು ಅಲೆದರು. ಕಾರ್ಯಕ್ಷೇತ್ರ ಬದಲಾಯಿತು, ದಿಕ್ಕು ಬದಲಾಗಲಿಲ್ಲ.

ಇದಕ್ಕೆ ಅವರು ತೆತ್ತ ಬೆಲೆಯನ್ನೂ ಓದುಗರು ಗಮನಿಸಬೇಕು. ಅವರ ದಾಂಪತ್ಯವು ವಿಚ್ಛೇದನದಲ್ಲಿ ಕೊನೆಗೊಂಡಿತು. ಸ್ವಾತಂತ್ರ್ಯಾನಂತರ ಅವರ ಸಹವರ್ತಿಗಳಲ್ಲಿ ಅನೇಕರು ಅಧಿಕಾರದ ಸ್ಥಾನಗಳಿಗೇರಿದಾಗ, ಅವರು ಅಧಿಕಾರ ರಾಜಕಾರಣದಿಂದ ದೂರ ಸರಿದು ಕುಶಲಕರ್ಮಿಗಳ ನಡುವೆ ಉಳಿದರು. 1966ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು. ಅವರು ಮುನ್ನಡೆಸಿದ ಕರಕುಶಲ ಮಂಡಳಿಯನ್ನು 2020ರಲ್ಲಿ ರದ್ದುಪಡಿಸಲಾಯಿತು. ಮಂಡಳಿಗಳೂ ಹುದ್ದೆಗಳೂ ಕಾಲಕ್ಕೆ ತಕ್ಕಂತೆ ಬರುತ್ತವೆ, ಹೋಗುತ್ತವೆ. ಆದುದರಿಂದ ಬಾಳಿನ ಕಾಣ್ಕೆಯನ್ನು ಯಾವುದೇ ಒಂದು ಹುದ್ದೆಗೋ ಸಂಸ್ಥೆಗೋ ಕಟ್ಟಿಹಾಕುವುದು ಕ್ಷೇಮವಲ್ಲ.

ಜನಸಾಮಾನ್ಯರಿಗೂ ಕಾಣ್ಕೆ ಸಾಧ್ಯವೇ?

ಇಂತಹ ವಿಷಯಗಳು ಮಹಾವ್ಯಕ್ತಿಗಳಿಗೆ ಮಾತ್ರ ಸಂಬಂಧಿಸಿದವು, ದಿನದ ಅನ್ನಕ್ಕಾಗಿ ಬೆವರು ಸುರಿಸುವವನಿಗೆ ಇವುಗಳಿಂದೇನು ಪ್ರಯೋಜನ ಎಂದು ಕೆಲವರು ಕೇಳಬಹುದು. ಇದಕ್ಕೆ ಮುಂಬಯಿಯ ಕನ್ನಡಿಗರ ಇತಿಹಾಸವೇ ಉತ್ತರ ನೀಡುತ್ತದೆ.

ಕರಾವಳಿಯ ಹಳ್ಳಿಗಳಿಂದ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿಯ ಹೊತ್ತು ಪಾಟಿ ಪುಸ್ತಕ ಹಿಡಿದು ರಾತ್ರಿ ಶಾಲೆಗಳಿಗೆ ನಡೆದ ಹುಡುಗರ ಸಂಖ್ಯೆ ಸಣ್ಣದಲ್ಲ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಘಗಳು ಇಂಥವರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಡಾ. ಬಿ. ಆರ್. ಅಂಬೇಡ್ಕರ್ ಅವರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, ಮರುವರ್ಷವೇ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ಉದ್ಯೋಗದಲ್ಲಿರುವವರೂ ಓದುವಂತಾಗಲೆಂದು ತರಗತಿಗಳನ್ನು ಬೆಳಗಿನ ವೇಳೆಯಲ್ಲಿ ನಡೆಸಲಾಯಿತು. ಅದೇ ಸೊಸೈಟಿಯ ವಾಣಿಜ್ಯ ಕಾಲೇಜೊಂದು ವಡಾಲದಲ್ಲಿದೆ. ಕನ್ನಡಿಗರು ಕಟ್ಟಿದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯೂ ವಡಾಲದಲ್ಲಿಯೇ ಇದೆ.

ಹಗಲಿನ ದುಡಿಮೆಯಿಂದ ದಣಿದು, ಕಣ್ಣೆಳೆಯುತ್ತಿರುವಾಗಲೂ ದೀಪದ ಮುಂದೆ ಕುಳಿತ ಹುಡುಗನಿಗೆ ಕಾಣ್ಕೆ ಎಂಬ ಪದದ ಪರಿಚಯವಿದ್ದಿರಲಾರದು. ತಾನು ಓದಬೇಕು, ತನ್ನ ತಂಗಿಯಂದಿರನ್ನೂ ಓದಿಸಬೇಕು, ಊರಿನಲ್ಲಿ ತಾಯಿ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಮಾಡುವುದು ತಪ್ಪಬೇಕು ಎಂಬಷ್ಟು ಸ್ಪಷ್ಟವಾದ ಚಿತ್ರವು ಅವನ ಮನಸ್ಸಿನಲ್ಲಿದ್ದರೆ ಸಾಕಾಗಿತ್ತು. ಅದೇ ಅವನನ್ನು ಬೀಡಿಯ ಚಟದಿಂದಲೂ ಇಸ್ಪೀಟಿನ ಕೂಟದಿಂದಲೂ ದೂರವಿಟ್ಟು ಶಾಲೆಯ ಮೆಟ್ಟಿಲು ಹತ್ತಿಸಿತು. ಕಾಣ್ಕೆಯ ಬೆಲೆಯನ್ನು ಅದರ ಗಾತ್ರದಿಂದ ಅಳೆಯಲಾಗದು.

ಉಪ್ಪಿನ ಆಗರದ ಹೋಲಿಕೆ

ಉಪ್ಪು ತಯಾರಾಗುವ ಬಗೆಯನ್ನು ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಕಂಡವರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾದೀತು. ಭರತದ ಕಾಲದಲ್ಲಿ ಕಡಲ ನೀರನ್ನು ಒಳಬಿಟ್ಟು, ಒಡ್ಡು ಕಟ್ಟಿ ತಡೆಯುತ್ತಾರೆ. ಆ ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಯುತ್ತ, ಬಿಸಿಲಿಗೂ ಗಾಳಿಗೂ ಕಾದು ದಟ್ಟವಾಗುತ್ತದೆ. ಕಡೆಯ ಪಾತಿಯಲ್ಲಿ ಉಪ್ಪಿನ ಹರಳು ಮೂಡಿದಾಗ ಅದನ್ನು ಬಾಚಿ ರಾಶಿ ಹಾಕುತ್ತಾರೆ. ನಡುವೆ ಮಳೆ ಬಂದರೆ ಶ್ರಮವೆಲ್ಲ ಕರಗಿಹೋಗಿ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಇದರಿಂದ ಮೂರು ಅಂಶಗಳನ್ನು ಕಲಿಯಬಹುದು. ಮೊದಲನೆಯದಾಗಿ, ಕಡಲು ಎಷ್ಟೇ ವಿಶಾಲವಾಗಿದ್ದರೂ ಒಡ್ಡು ಕಟ್ಟದೆ ಉಪ್ಪು ದೊರೆಯದು. ಮನಸ್ಸಿನ ಆಸೆಗಳಿಗೂ ಎಲ್ಲೆ ಹಾಕಿಕೊಳ್ಳದೆ ಯಾವ ಕಾಣ್ಕೆಯೂ ಗಟ್ಟಿಗೊಳ್ಳದು. ಎರಡನೆಯದಾಗಿ, ಹರಳುಗಟ್ಟಲು ಕಾಲಾವಕಾಶ ಬೇಕು. ಒಂದು ಸಂಜೆ ಕುಳಿತು ಯೋಚಿಸಿದ ಮಾತ್ರಕ್ಕೆ ಅದು ದೊರೆಯುವುದಿಲ್ಲ. ಮೂರನೆಯದಾಗಿ, ಮಳೆ ಬರುವುದು ಯಾರ ತಪ್ಪೂ ಅಲ್ಲ. ಅನಾರೋಗ್ಯ, ನಿರುದ್ಯೋಗ, ಮನೆಯಲ್ಲಿ ಸಾವು ಇವುಗಳಿಂದ ಒಂದು ವರ್ಷದ ಪ್ರಯತ್ನವು ಕರಗಿದರೂ ಪಾತಿಗಳು ಉಳಿದಿರುತ್ತವೆ.

ಕಂಡುಕೊಳ್ಳುವ ಕ್ರಮ

ತಮ್ಮ ಕಾಣ್ಕೆಯನ್ನು ಕಂಡುಕೊಳ್ಳಲು ಬಯಸುವವರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಹಿಂದಿರುಗಿ ನೋಡುವುದು. ತಮ್ಮ ಜೀವನದಲ್ಲಿ ಮನಸ್ಸನ್ನು ಆಳವಾಗಿ ಕಲಕಿದ ಮೂರು ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಯಾವ ಅನ್ಯಾಯವನ್ನು ಕಂಡಾಗ ಸುಮ್ಮನಿರಲಾಗಲಿಲ್ಲ? ಯಾವ ಕೆಲಸದಲ್ಲಿ ಹೊತ್ತು ಹೋದುದೇ ತಿಳಿಯಲಿಲ್ಲ? ಯಾರ ಕೃತಜ್ಞತೆಯ ಮಾತು ಇಂದಿಗೂ ನೆನಪಿದೆ? ಕಾಣ್ಕೆಯ ಬೇರುಗಳು ಬಹುಮಟ್ಟಿಗೆ ಇಲ್ಲಿಯೇ ಇರುತ್ತವೆ.

2. ಒಂದು ವಾಕ್ಯದಲ್ಲಿ ಬರೆಯುವುದು. ಯಾರಿಗಾಗಿ, ಏನನ್ನು, ಯಾವ ರೀತಿಯಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವಂತಹ ಒಂದೇ ವಾಕ್ಯವನ್ನು ಮನೆಮಾತಿನಲ್ಲಿಯೇ ರಚಿಸಬೇಕು. ‘ದೊಡ್ಡ ಮನುಷ್ಯನಾಗಬೇಕು’ ಎಂಬುದು ಕಾಣ್ಕೆಯಾಗದು. ‘ನನ್ನ ಓಣಿಯ ಮಕ್ಕಳು ಯಾರೂ ಲೆಕ್ಕಕ್ಕೆ ಹೆದರಿ ಶಾಲೆ ಬಿಡದಂತೆ, ಅವರೊಡನೆ ಕುಳಿತು ಕಲಿಸುವೆನು’ ಎಂಬುದು ಕಾಣ್ಕೆ.

3. ಒಂದು ಹಿಡಿ ಉಪ್ಪನ್ನು ಗುರುತಿಸುವುದು. ಆ ವಾಕ್ಯಕ್ಕೆ ಹೊಂದುವ, ಇದೇ ವಾರದಲ್ಲಿ, ಹಣ ಅಥವಾ ಅಧಿಕಾರದ ನೆರವಿಲ್ಲದೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಆರಿಸಿಕೊಳ್ಳಬೇಕು. ಅಂತಹ ಕೆಲಸ ಒಂದೂ ತೋಚದಿದ್ದಲ್ಲಿ ವಾಕ್ಯವು ಇನ್ನೂ ಅಸ್ಪಷ್ಟವಾಗಿದೆ ಎಂದು ತಿಳಿದು, ಅದನ್ನು ತಿದ್ದಿ ಬರೆಯಬೇಕು.

4. ಒಡ್ಡು ಕಟ್ಟುವುದು. ಈ ಕಾಣ್ಕೆಗಾಗಿ ತಾನು ಬಿಟ್ಟುಕೊಡಬೇಕಾದ ಎರಡು ಸಂಗತಿಗಳನ್ನು ಬರೆಯಬೇಕು. ಯಾವುದನ್ನೂ ಬಿಡಲು ಸಿದ್ಧವಿಲ್ಲದವನು ಯಾವುದನ್ನೂ ಆರಿಸಿಕೊಂಡಿಲ್ಲವೆಂದೇ ಅರ್ಥ.

5. ಮನೆಯವರೊಡನೆ ಸಮಾಲೋಚಿಸುವುದು. ಒಬ್ಬರ ಕಾಣ್ಕೆಯ ಭಾರವು ಮನೆಯ ಇತರರ ಮೇಲೆ, ಸಾಮಾನ್ಯವಾಗಿ ಹೆಣ್ಣುಮಕ್ಕಳ ಮೇಲೆ, ಅವರ ಒಪ್ಪಿಗೆಯಿಲ್ಲದೆಯೇ ಬೀಳುವುದುಂಟು. ಗಂಡನು ಸಮಾಜಸೇವೆಗೆ ಹೊರಟಾಗ ಹೆಂಡತಿಯ ಓದಿನ ಆಸೆಯು ಅಡುಗೆಮನೆಯಲ್ಲಿ ಉಳಿದುಹೋಗಬಾರದು. ಮನೆಯಲ್ಲಿ ಎಲ್ಲರಿಗೂ ಅವರವರದೇ ಕಾಣ್ಕೆಯಿರಲು ಹಕ್ಕಿದೆ.

6. ವರ್ಷಕ್ಕೊಮ್ಮೆ ಪರಿಶೀಲಿಸುವುದು. ಯುಗಾದಿಯಂದೋ ತಮ್ಮ ಹುಟ್ಟಿದ ದಿನದಂದೋ ಆ ಹಾಳೆಯನ್ನು ತೆರೆದು ಓದಬೇಕು. ಮಾರ್ಗವನ್ನು ಬದಲಿಸಬೇಕಾಗಿ ಬಂದರೆ ನಾಚಿಕೆ ಪಡಬೇಕಾಗಿಲ್ಲ. ದಿಕ್ಕನ್ನೇ ಬದಲಿಸಬೇಕೆನಿಸಿದರೆ, ಅದು ಸ್ವಂತ ಅನುಭವದಿಂದ ಮೂಡಿದ ನಿರ್ಧಾರವೇ, ಇಲ್ಲವೇ ಬೇಸರದಿಂದ ಅಥವಾ ಇತರರ ಟೀಕೆಯಿಂದ ಮೂಡಿದುದೇ ಎಂದು ಪರೀಕ್ಷಿಸಿಕೊಳ್ಳಬೇಕು.

ಕೆಲವು ತಪ್ಪು ಕಲ್ಪನೆಗಳು

ಕಾಣ್ಕೆಯು ತಾರುಣ್ಯದಲ್ಲಿಯೇ ದೊರೆಯಬೇಕು, ವಯಸ್ಸಾದ ಮೇಲೆ ಫಲವಿಲ್ಲ ಎಂಬ ಭಾವನೆಯು ಬಲವಾಗಿ ಬೇರೂರಿದೆ. ಕಮಲಾದೇವಿಯವರು ಕರಕುಶಲ ಮಂಡಳಿಯ ಹೊಣೆಯನ್ನು ಹೊತ್ತಾಗ ಅವರ ವಯಸ್ಸು ಐವತ್ತರ ಸಮೀಪವಿತ್ತು. ಕಾಣ್ಕೆಯಿದ್ದರೆ ಸೋಲು ಬಾರದೆಂಬುದು ಇನ್ನೊಂದು ತಪ್ಪು ಕಲ್ಪನೆ. ಚುನಾವಣೆಯಲ್ಲಿ ಅವರಿಗೆ ಸೋಲೇ ಒದಗಿತು. ಉದ್ಯೋಗವನ್ನು ತೊರೆದು ಹೊರಟರೆ ಮಾತ್ರ ಕಾಣ್ಕೆ ಕೈಗೂಡುತ್ತದೆಂಬುದು ಮೂರನೆಯದು. ಸಾಲದ ಕಂತು, ಮಕ್ಕಳ ಶುಲ್ಕ, ವೃದ್ಧ ತಂದೆತಾಯಿಯರ ಔಷಧಿ ಇವುಗಳ ಹೊಣೆಯುಳ್ಳವನು ಇಂತಹ ಸಾಹಸಕ್ಕೆ ಕೈಹಾಕಬೇಕಾಗಿಲ್ಲ. ತಾನು ಕುಳಿತ ಮೇಜಿನ ಹಿಂದಿನಿಂದಲೇ, ಎದುರು ನಿಂತ ವೃದ್ಧೆಯ ಪಿಂಚಣಿ ಅರ್ಜಿಯನ್ನು ತಾಳ್ಮೆಯಿಂದ ಓದಿ, ಕೊರತೆಯಿರುವ ಕಾಗದ ಯಾವುದೆಂದು ಒಂದೇ ಸಲಕ್ಕೆ ತಿಳಿಸುವ ಗುಮಾಸ್ತನಿಗೂ ಒಂದು ಕಾಣ್ಕೆಯಿದೆ. ಅದರಿಂದ ಆ ವೃದ್ಧೆಗೆ ಎರಡನೆಯ ಸಲದ ಬಸ್ ಖರ್ಚು ಉಳಿಯುತ್ತದೆ.

ಉಪಸಂಹಾರ

ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅಡುಗೆಗೆ ಉಪ್ಪು ಬೇಕಾಗುವುದು ಚಿಟಿಕೆಯಷ್ಟು. ಆದರೆ ಅದಿಲ್ಲದೆ ಇಡೀ ಅಡುಗೆಯೇ ಸಪ್ಪೆ. ಬಾಳಿನಲ್ಲಿ ಕಾಣ್ಕೆಯ ಸ್ಥಾನವೂ ಅಂತಹದೇ. ಅದು ನಮ್ಮ ದಿನದ ದುಡಿಮೆಯನ್ನು ಕಡಿಮೆ ಮಾಡುವುದಿಲ್ಲ, ಕಷ್ಟಗಳನ್ನು ನಿವಾರಿಸುವುದೂ ಇಲ್ಲ. ಈ ದುಡಿಮೆ ಏತಕ್ಕಾಗಿ ಎಂಬ ಪ್ರಶ್ನೆಗೆ ಉತ್ತರವನ್ನು ಮಾತ್ರ ಒದಗಿಸುತ್ತದೆ. ವಡಾಲ ರೋಡ್ ನಿಲ್ದಾಣದಲ್ಲಿ ಗಾಡಿಯೇರುವ ಮುನ್ನ ಪ್ರಯಾಣಿಕರು ತಲೆಯೆತ್ತಿ ಫಲಕವನ್ನು ನೋಡಲು ಬೇಕಾಗುವ ಕಾಲ ಕ್ಷಣಮಾತ್ರ. ಅಂತೆಯೇ ಓದುಗರು ಈ ವಾರದಲ್ಲಿ ಒಂದು ಗಂಟೆಯನ್ನು ಮೀಸಲಿಟ್ಟು, ತಮ್ಮ ಬಾಳಿನ ಫಲಕವನ್ನು ತಾವೇ ಬರೆದು ಓದಿಕೊಳ್ಳುವರೆಂದು ಆಶಿಸಲಾಗಿದೆ.

ಅಭ್ಯಾಸ

1. ಗುರಿಗೂ ಕಾಣ್ಕೆಗೂ ಇರುವ ವ್ಯತ್ಯಾಸವನ್ನು ತಮ್ಮ ಜೀವನದ ಒಂದು ಉದಾಹರಣೆಯೊಂದಿಗೆ ವಿವರಿಸಿರಿ.
2. ವಡಾಲದ ಉಪ್ಪಿನ ಸತ್ಯಾಗ್ರಹದಲ್ಲಿ ಸಾಮಾನ್ಯ ಜನರು ಪಾಲುಗೊಳ್ಳಲು ಸಾಧ್ಯವಾದುದು ಏಕೆ?
3. ಕಮಲಾದೇವಿ ಚಟ್ಟೋಪಾಧ್ಯಾಯರ ವಿವಿಧ ಕಾರ್ಯಗಳಲ್ಲಿ ಕಂಡುಬರುವ ಸಮಾನ ಅಂಶವನ್ನು ಗುರುತಿಸಿರಿ.
4. ತಮಗೆ ಪರಿಚಿತರಾದ, ಹೆಸರಾಂತರಲ್ಲದ ಒಬ್ಬ ವ್ಯಕ್ತಿಯ ಬಾಳಿನಲ್ಲಿ ತಾವು ಕಂಡ ಕಾಣ್ಕೆಯನ್ನು ಮನೆಯವರಿಗೆ ಹೇಳಿರಿ.
5. ತಮ್ಮ ಕಾಣ್ಕೆಯನ್ನು ಒಂದು ವಾಕ್ಯದಲ್ಲಿ ಬರೆದು, ಅದಕ್ಕಾಗಿ ಈ ವಾರ ಮಾಡಲಿರುವ ಒಂದು ಕೆಲಸವನ್ನು ಅದರ ಕೆಳಗೆ ನಮೂದಿಸಿರಿ.